ಹೈಸ್ಕೂಲಿನ ಇತಿಹಾಸಕ್ಕೆ ಸಾಕ್ಷಿ ಬೇಡವೇ?

ಇತಿಹಾಸದ ಪಠ್ಯಪುಸ್ತಕದ ಸುತ್ತ ಕರ್ನಾಟಕದಲ್ಲಿ ನಡೆದಷ್ಟು ಜಗಳ ಗಣಿತದ ಪುಸ್ತಕದ ಸುತ್ತಲೂ ನಡೆದಿಲ್ಲ, ವಿಜ್ಞಾನದ ಪುಸ್ತಕದ ಸುತ್ತಲೂ ನಡೆದಿಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆಯಾದಾಗ ಬೀದಿಯಲ್ಲಿ ಪ್ರತಿಭಟನೆ, ಪತ್ರಿಕೆಗಳಲ್ಲಿ ವಾದ ಪ್ರತಿವಾದ ಎಲ್ಲ ಆಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಕೆಲವು ಪಾಠಗಳು ಹೊರಗೆ ಹೋದವು, ಕೆಲವು ಒಳಗೆ ಬಂದವು. ಯಾವ ರಾಜನಿಗೆ ಎಷ್ಟು ಪುಟ, ಯಾರ ಹೆಸರಿನ ಹಿಂದೆ ಯಾವ ಬಿರುದು, ಯಾವ ಧರ್ಮದ ಬಗ್ಗೆ ಯಾವ ವಾಕ್ಯ ಎಂಬುದೆಲ್ಲ ಚರ್ಚೆಯಾಯಿತು. ಆದರೆ ಎದುರುಬದುರು ನಿಂತು ವಾದಿಸಿದವರು ಒಂದು ಮಾತನ್ನು ಮಾತ್ರ ಎರಡೂ ಕಡೆಯಿಂದ ಸದ್ದಿಲ್ಲದೆ ಒಪ್ಪಿಕೊಂಡಿದ್ದರು. ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗೆ ಇತಿಹಾಸ ಎಂದರೆ ದೊಡ್ಡವರು ತೀರ್ಮಾನ ಮಾಡಿ ಕೊಟ್ಟದ್ದು. ಮಕ್ಕಳು ಅದನ್ನು ಓದಿ ನೆನಪಿಟ್ಟುಕೊಂಡರೆ ಸಾಕು. ಹಾಗೆಂದು ಹೇಗೆ ಗೊತ್ತಾಯಿತು, ಯಾರು ಹೇಳಿದರು, ಬೇರೆಯವರು ಏನೆಂದರು ಎಂಬ ವಿಚಾರವೆಲ್ಲ ಆಮೇಲೆ, ಕಾಲೇಜಿಗೆ ಹೋದಾಗ. ಪಾಲಕರು, ಶಿಕ್ಷಕರು, ಪಠ್ಯ ಸಮಿತಿಗಳು, ಪ್ರಶ್ನೆಪತ್ರಿಕೆ ತೆಗೆಯುವವರು ಎಲ್ಲರೂ ಇದನ್ನು ಒಪ್ಪಿ ನಡೆಯುತ್ತಿದ್ದಾರೆ. ಇದು ತಪ್ಪು. ಪಠ್ಯದಲ್ಲಿ ಯಾವ ಪಾಠ ಇದೆ, ಯಾವುದು ಇಲ್ಲ ಎಂಬುದಕ್ಕಿಂತ ದೊಡ್ಡ ತಪ್ಪು ಎಂದೇ ನನ್ನ ವಾದ.

ಮೊದಲಿಗೆ ಆ ‘ಆಮೇಲೆ’ಯನ್ನೇ ನೋಡೋಣ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಇತಿಹಾಸಕ್ಕೂ ಅವನಿಗೂ ಅಲ್ಲಿಗೆ ಸಂಬಂಧ ಮುಗಿಯಿತು. ಐಟಿಐಗೆ, ಡಿಪ್ಲೊಮಾಗೆ ಹೋದವರಿಗೂ ಅಷ್ಟೆ. ವಾಣಿಜ್ಯದಲ್ಲಿ ಇತಿಹಾಸ ಇರುವ ಕಾಂಬಿನೇಶನ್ ಆರಿಸಿದವರಿಗೆ ಎರಡು ವರ್ಷ ಸಿಗುತ್ತದೆ, ಕಲಾ ವಿಭಾಗದವರಿಗೆ ಸಿಗುತ್ತದೆ. ಓದನ್ನೇ ನಿಲ್ಲಿಸಿದವರಿಗೆ ಏನೂ ಇಲ್ಲ. ಅಂದರೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಮೂರು ವರ್ಷವೇ ಬಹಳ ಮಕ್ಕಳ ಪಾಲಿಗೆ ಇತಿಹಾಸದ ಕೊನೆಯ ಮೂರು ವರ್ಷ. ಇತಿಹಾಸವಾದರೋ ಅವರನ್ನು ಬಿಡುವುದಿಲ್ಲ. ಚುನಾವಣೆಯ ಭಾಷಣದಲ್ಲಿ ಅದು ಬರುತ್ತದೆ. ಊರಿನ, ರಸ್ತೆಯ ಹೆಸರು ಬದಲಿಸುವ ಗದ್ದಲದಲ್ಲಿ ಬರುತ್ತದೆ. ಬೆಳಗಾಗುವ ಮೊದಲೇ ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲಿ ಬರುತ್ತದೆ. ಅವೆಲ್ಲವೂ ಪಠ್ಯಪುಸ್ತಕದ ಧಾಟಿಯಲ್ಲೇ ಮಾತಾಡುತ್ತವೆ: ಹೀಗಾಯಿತು, ಇವನು ಒಳ್ಳೆಯವನು, ಅವನು ಕೆಟ್ಟವನು, ನಂಬಿ. ಹೇಳಿದ್ದನ್ನು ಕೇಳಿ ನೆನಪಿಟ್ಟುಕೊಳ್ಳುವುದೇ ಇತಿಹಾಸ ಎಂದು ಮೂರು ವರ್ಷ ಅಭ್ಯಾಸ ಮಾಡಿಸಿ, ಆಮೇಲೆ ಸಿಕ್ಕಿದ್ದನ್ನೆಲ್ಲ ನಂಬುತ್ತಾರೆ ಎಂದು ಆ ಮಕ್ಕಳನ್ನೇ ಬೈಯುವ ಹಕ್ಕು ನಮಗಿಲ್ಲ.

ನೆನಪಿಟ್ಟುಕೊಳ್ಳುವುದರಿಂದ ಕನಿಷ್ಠ ಸಂಗತಿಯಾದರೂ ಸರಿಯಾಗಿ ತಿಳಿಯುತ್ತದೆ ಎಂಬ ನಂಬಿಕೆಯೊಂದಿದೆ. ಇದನ್ನು ಒಂದು ಉದಾಹರಣೆ ಹಿಡಿದು ಪರೀಕ್ಷಿಸಬಹುದು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ ಶುರುವಾಗುವುದೇ ಭಾರತಕ್ಕೆ ಯುರೋಪಿಯನ್ನರು ಬಂದ ಪಾಠದಿಂದ. ಯುರೋಪಿನವರು ಹೊಸ ಜಲಮಾರ್ಗ ಹುಡುಕಿದ್ದೇಕೆ ಎಂಬ ಪ್ರಶ್ನೆಗೆ ರಾಜ್ಯದ ಯಾವ ಮೂಲೆಯ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ನಾಲಗೆಯ ತುದಿಯಲ್ಲಿದೆ: 1453ರಲ್ಲಿ ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಹಳೆಯ ವ್ಯಾಪಾರದ ದಾರಿ ಮುಚ್ಚಿತು, ಆದ್ದರಿಂದ ಸಮುದ್ರದ ದಾರಿ ಹುಡುಕಿದರು. ಗೈಡಿನಲ್ಲೂ ಇದೇ, ಕೀ ಉತ್ತರದಲ್ಲೂ ಇದೇ. ಈಗ ಇದೇ ಮಕ್ಕಳ ಮುಂದೆ ನಾಲ್ಕು ಇಸವಿ ಇಡೋಣ. ಪೋರ್ಚುಗೀಸರು ಆಫ್ರಿಕದ ಉತ್ತರ ತುದಿಯ ಸೆವುಟಾ ಬಂದರನ್ನು ಹಿಡಿದದ್ದು 1415ರಲ್ಲಿ. ಯಾರೂ ದಾಟಲಾರರು ಎಂದುಕೊಂಡಿದ್ದ ಬೊಜಡೋರ್ ಭೂಶಿರವನ್ನು ಅವರ ಹಡಗು ದಾಟಿದ್ದು 1434ರಲ್ಲಿ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅವರು ಸೆನೆಗಲ್ ಕರಾವಳಿಯವರೆಗೆ ಇಳಿದಿದ್ದರು, ಅಲ್ಲಿಂದ ಜನರನ್ನು ಗುಲಾಮರಾಗಿ ಹೊತ್ತೊಯ್ದು ಮಾರುತ್ತಿದ್ದರು. ಅಷ್ಟೂ ಆದದ್ದು 1453ಕ್ಕೆ ಮೊದಲು. ಇನ್ನು ಕಾಳುಮೆಣಸು ವೆನಿಸ್ಸಿಗೆ ಹೋಗುತ್ತಿದ್ದ ಮುಖ್ಯ ದಾರಿ ಕೆಂಪು ಸಮುದ್ರ, ಈಜಿಪ್ಟ್, ಅಲೆಕ್ಸಾಂಡ್ರಿಯಾ. ಆ ಈಜಿಪ್ಟ್ ಆಟೊಮನ್ನರ ಕೈಗೆ ಬಂದದ್ದು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದು 1498ರಲ್ಲಿ. ಕಾರಣ ಎನ್ನಿಸಿಕೊಂಡದ್ದು ಕಾರ್ಯಕ್ಕಿಂತ ಹಿಂದಿರಬೇಕು. ಇಲ್ಲಿ ಹುಡುಕಾಟ ಮೊದಲು ಶುರುವಾಗಿದೆ, ದಾರಿ ‘ಮುಚ್ಚಿದ್ದು’ ಆಮೇಲೆ ಬಂದಿದೆ. ತುರ್ಕರು ದಾರಿ ಮುಚ್ಚಿದ್ದರಿಂದಲೇ ಜಲಮಾರ್ಗ ಹುಡುಕಿದರು ಎಂಬ ವಾದ ನಿಲ್ಲುವುದಿಲ್ಲವೆಂದು ಲೈಬಯರ್ ಎಂಬ ಅಮೆರಿಕದ ಇತಿಹಾಸಕಾರ 1915ರಲ್ಲೇ ಬರೆದಿದ್ದಾನೆ. ನೂರು ವರ್ಷ ದಾಟಿದರೂ ನಮ್ಮ ಮಕ್ಕಳು ಅದನ್ನೇ ಬರೆದು ಪೂರ್ತಿ ಅಂಕ ಪಡೆಯುತ್ತಿದ್ದಾರೆ.

ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು ಸಣ್ಣ ಘಟನೆ ಎಂದು ಯಾರೂ ಹೇಳುವುದಿಲ್ಲ. ಕಪ್ಪು ಸಮುದ್ರದ ವ್ಯಾಪಾರದಲ್ಲಿದ್ದ ಜಿನೋವಾದವರಿಗೆ ಅದರಿಂದ ದೊಡ್ಡ ಪೆಟ್ಟು ಬಿತ್ತು. ಒಂದು ಪಾಠ ತಪ್ಪಾಗಿದೆ, ತಿದ್ದಿ ಬಿಡೋಣ ಎಂದರೆ ಸಾಲದು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ತಿದ್ದಿದರೆ ಮುಂದಿನ ವರ್ಷದ ಮಕ್ಕಳು ತಿದ್ದಿದ ಉತ್ತರವನ್ನು ಉರು ಹೊಡೆಯುತ್ತಾರೆ, ಅಷ್ಟೆ. ಆ ಉತ್ತರ ಸರಿಯೋ ತಪ್ಪೋ ಎಂದು ಅಳೆಯುವ ಸಾಮಾನು, ಅಂದರೆ ಇಸವಿಗಳು, ಅವರ ತಲೆಯಲ್ಲಿ ಆಗಲೇ ಇದ್ದವು. 1453 ಗೊತ್ತಿತ್ತು, 1498 ಗೊತ್ತಿತ್ತು. ಒಂದರ ಪಕ್ಕ ಒಂದನ್ನಿಟ್ಟು, ನಡುವೆ ಏನಾಯಿತು, ಮೊದಲು ಏನಾಗಿತ್ತು ಎಂದು ಕೇಳಲು ಯಾರೂ ಕಲಿಸಲಿಲ್ಲ. ‘ಒಂದು ಅಂಕದ ಪ್ರಶ್ನೆ’ಗೆ ಬೇಕಾದಷ್ಟೇ ಅವು ಬೇಕಾಗಿದ್ದವು. ಈ ಬಾಯಿಪಾಠದಿಂದ ಬೇಸತ್ತ ಸುಧಾರಕರು ಇನ್ನೊಂದು ತುದಿಗೆ ಹೋಗಿ, ಇಸವಿಗಳನ್ನೇ ಬಿಟ್ಟುಬಿಡಿ, ಮಕ್ಕಳಿಗೆ ಕಥೆ ಹೇಳಿ, ನಾಟಕ ಆಡಿಸಿ ಎನ್ನುತ್ತಾರೆ. ಅವರ ಕಾಳಜಿ ದೊಡ್ಡದು, ಮದ್ದು ಮಾತ್ರ ಸರಿಯಲ್ಲ. ಕಥೆಯಲ್ಲಿ ಸುಳ್ಳು ಸಿಕ್ಕಿಬೀಳುವುದು ಇಸವಿಯಿಂದಲೇ. ಇಸವಿ ಬಿಟ್ಟ ಇತಿಹಾಸದಲ್ಲಿ ಕೇಳುವವನಿಗೆ ಹಿಡಿಯಲು ಏನೂ ಇರುವುದಿಲ್ಲ. ಚೆನ್ನಾಗಿ ಹೇಳಿದವನೇ ಗೆಲ್ಲುತ್ತಾನೆ. ಮೊಬೈಲಿನ ಸಂದೇಶಗಳು ಗೆಲ್ಲುತ್ತಿರುವುದೂ ಹಾಗೆಯೇ.

ಹಾಗಾದರೆ ಸಾಕ್ಷಿಯನ್ನೇ ಮಕ್ಕಳ ಮುಂದಿಟ್ಟು ಪ್ರಶ್ನೆ ಕೇಳಲು ಕಲಿಸಬೇಕು ಎಂದರೆ, ಹದಿನಾಲ್ಕು ವರ್ಷದ ಮಗುವಿಗೆ ಶಾಸನ, ತಾಮ್ರಪಟ ಎಲ್ಲ ಎಲ್ಲಿಂದ ಅರ್ಥವಾಗಬೇಕು ಎಂಬ ಆಕ್ಷೇಪ ಮೊದಲು ಬರುತ್ತದೆ. ಅರ್ಥವಾಗುತ್ತದೋ ಇಲ್ಲವೋ ಎಂದು ಊಹೆಯಲ್ಲಿ ತೀರ್ಮಾನಿಸುವ ಬದಲು ಒಂದು ಕಲ್ಲನ್ನೇ ಎದುರಿಗೆ ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ 872, ಅಂದರೆ ಕ್ರಿ.ಶ. 949–50. ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಕಾದುತ್ತಿರುವ ಕೆತ್ತನೆ ಇದೆ. ನಾಯಿಯ ಹೆಸರು ಕಾಳಿ. ಮಣಲೆರನೆಂಬ ವೀರ ಯುದ್ಧದಲ್ಲಿ ತೋರಿದ ಸಾಹಸಕ್ಕೆ ಮೆಚ್ಚುಗೆಯಾಗಿ ಕೇಳಿ ಪಡೆದ ಬೇಟೆನಾಯಿ ಅದು. ಬೇಟೆಯಲ್ಲಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದಾನ ಕೊಟ್ಟು, ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಸಿದ್ದಾರೆ. ಇಷ್ಟನ್ನು ಒಂಬತ್ತನೆಯ ತರಗತಿಯ ಯಾವ ಮಗುವಾದರೂ ಕಣ್ಣರಳಿಸಿ ಕೇಳುತ್ತದೆ. ಆದರೆ ಕಲ್ಲಿನ ಮೇಲೆ ಅದಕ್ಕಿಂತ ದೊಡ್ಡ ಸುದ್ದಿಯೂ ಇದೆ. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದ, ಅದಕ್ಕಾಗಿ ಕೃಷ್ಣ ಅವನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟ ಎಂದು ಅದು ಹೇಳುತ್ತದೆ.

ಚೋಳರ ಕಡೆಯಿಂದ ಇದೇ ಸಾವಿನ ಇನ್ನೊಂದು ದಾಖಲೆ ಉಳಿದಿದೆ. ನೆದರ್ಲೆಂಡ್ಸಿನ ಲೈಡನ್ ಸೇರಿದ್ದರಿಂದ ಲೈಡನ್ ತಾಮ್ರಪಟಗಳೆಂದು ಹೆಸರಾದ ಚೋಳ ಶಾಸನದಲ್ಲಿ, ರಾಜಾದಿತ್ಯ ಆನೆಯ ಮೇಲೆ ಕುಳಿತಿದ್ದಾಗ ಸ್ವತಃ ಕೃಷ್ಣರಾಜನ ಬಾಣ ಎದೆಗೆ ನಾಟಿ ವೀರಸ್ವರ್ಗ ಸೇರಿದ ಎಂದಿದೆ. ಈಗ ತರಗತಿಯ ಮುಂದೆ ಇಡಬೇಕಾದ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಎರಡೂ ದಾಖಲೆಗಳು ಒಪ್ಪುವ ಸಂಗತಿ ಯಾವುದು? ರಾಜಾದಿತ್ಯ ಸತ್ತ, ಆನೆಯ ಮೇಲೆ ಸತ್ತ. ಎರಡು ಶತ್ರುಪಕ್ಷಗಳು ಒಂದೇ ಮಾತು ಹೇಳಿದರೆ ಅದಕ್ಕೆ ಎಷ್ಟು ತೂಕ? ಒಪ್ಪದೆ ಇರುವುದು ಯಾವುದು? ಕೊಂದವನು ಯಾರು ಎಂಬುದು. ಆತಕೂರಿನ ಕಲ್ಲು ಘಟನೆಯ ಹೊತ್ತಿನದು, ತಾಮ್ರಪಟ ಐವತ್ತಕ್ಕೂ ಹೆಚ್ಚು ವರ್ಷ ಆಮೇಲಿನದು; ಹಾಗಾದರೆ ಕಲ್ಲನ್ನೇ ನಂಬಬಹುದೇ? ಕಲ್ಲು ಹಾಕಿಸಿದ್ದು ಬೂತುಗನ ಕಡೆಯವರಲ್ಲವೇ, ತಮ್ಮ ಒಡೆಯನ ಸಾಹಸ ಹೇಳಿಕೊಳ್ಳದೆ ಬಿಡುತ್ತಾರೆಯೇ? ಚೋಳರಿಗೆ ತಮ್ಮ ಯುವರಾಜ ಒಬ್ಬ ಸಾಮಂತನ ಕೈಯಲ್ಲಿ ಸತ್ತ ಎನ್ನುವುದಕ್ಕಿಂತ ಚಕ್ರವರ್ತಿಯ ಬಾಣಕ್ಕೆ ಸಿಕ್ಕಿದ ಎನ್ನುವುದು ಗೌರವವೆನ್ನಿಸಿರಬಹುದೇ? ಈ ಪ್ರಶ್ನೆಗಳನ್ನು ಕೇಳಲು ಹಳಗನ್ನಡವೂ ಬೇಡ, ಸಂಸ್ಕೃತವೂ ಬೇಡ. ಎರಡೂ ದಾಖಲೆಗಳ ಹೊಸಗನ್ನಡ ಸಾರ ಅರ್ಧ ಪುಟದಲ್ಲಿ ಮುಗಿಯುತ್ತದೆ. ಆಟದ ಮೈದಾನದಲ್ಲಿ ಇಬ್ಬರು ಹೊಡೆದಾಡಿ ಬಂದು ಇಬ್ಬರೂ ಬೇರೆ ಬೇರೆ ಹೇಳಿದಾಗ ಯಾರ ಮಾತು ಎಷ್ಟು ನಿಜ ಎಂದು ಅಳೆಯುವ ಮಗುವಿಗೆ ಇಷ್ಟು ಬಾರದು ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಇಂಥ ಕಲ್ಲುಗಳ ಬಡತನ ನಮಗಂತೂ ಇಲ್ಲ. ಬಿ.ಎಲ್. ರೈಸ್ 1886ರಿಂದ ಇಪ್ಪತ್ತು ವರ್ಷ ದುಡಿದು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲೇ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಅದೂ ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನವು ಮಾತ್ರ.

ಮಕ್ಕಳಿಗೆ ಇದು ಸಾಧ್ಯವೇ ಎಂಬುದು ಬೇರೆ ಕಡೆಗಳಲ್ಲಿ ಊಹೆಯ ಪ್ರಶ್ನೆಯಾಗಿ ಉಳಿದಿಲ್ಲ. ಇಂಗ್ಲೆಂಡಿನಲ್ಲಿ 1972ರಲ್ಲಿ, ಸರಿಯಾಗಿ ನಮ್ಮ ಹೈಸ್ಕೂಲಿನ ವಯಸ್ಸಿನವರಿಗಾಗಿಯೇ, ‘ಇತಿಹಾಸ 13–16’ ಎಂಬ ಯೋಜನೆ ಶುರುವಾಯಿತು. ಅದರ ಮಕ್ಕಳು ಪರೀಕ್ಷೆಯಲ್ಲಿ ಮೊದಲು ಕಂಡಿರದ ದಾಖಲೆಗಳನ್ನು ಓದಿ ಉತ್ತರ ಬರೆಯಬೇಕಿತ್ತು. ಡೆನಿಸ್ ಶೆಮಿಲ್ಟ್ 1980ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಹಳೆಯ ಕ್ರಮದಲ್ಲಿ ಕಲಿತವರಿಗಿಂತ ಈ ಮಕ್ಕಳು ಸಾಕ್ಷ್ಯ, ಕಾರಣ, ಬದಲಾವಣೆ ಎಂದರೇನೆಂದು ಹೆಚ್ಚು ಚೆನ್ನಾಗಿ ಅರಿತಿದ್ದರೆಂದು ಕಂಡುಬಂತು. ಮುಂದೆ ಆ ದೇಶದ ಪರೀಕ್ಷೆಯೇ ಆ ದಾರಿ ಹಿಡಿಯಿತು. ಅಲ್ಲಿ ಎಲ್ಲವೂ ಸುಸೂತ್ರವಾಯಿತು ಎನ್ನಲಾರೆ. ದಾಖಲೆಯ ಪ್ರಶ್ನೆಗಳೂ ಕ್ರಮೇಣ ಸೂತ್ರವಾದವು. ಬರೆದವನು ಒಂದು ಪಕ್ಷದವನು, ಆದ್ದರಿಂದ ನಂಬುವ ಹಾಗಿಲ್ಲ ಎಂದು ಎರಡು ಸಾಲು ಗೀಚಿ ಅಂಕ ಗಿಟ್ಟಿಸುವ ಚಾಳಿ ಬೆಳೆಯಿತು ಎಂಬ ಟೀಕೆ ಅಲ್ಲಿಯವರಿಂದಲೇ ಬಂದಿದೆ. ಕೆಟ್ಟದಾಗಿ ಕಲಿಸಿದರೆ ಯಾವುದೂ ಕೆಡುತ್ತದೆ. ಅದನ್ನು ತಿಳಿದೇ ಹೆಜ್ಜೆ ಇಡಬೇಕು.

ಕಲಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದಲ್ಲಿ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿ ಇತಿಹಾಸಕಾರರಿಗೂ ಎಂಟು ಮಂದಿ ಜಾಣ ಹೈಸ್ಕೂಲು ವಿದ್ಯಾರ್ಥಿಗಳಿಗೂ 1775ರ ಲೆಕ್ಸಿಂಗ್ಟನ್ ಕಾಳಗದ ಅವೇ ದಾಖಲೆಗಳನ್ನು ಕೊಟ್ಟು, ಓದುತ್ತ ತೋಚಿದ್ದನ್ನು ಗಟ್ಟಿಯಾಗಿ ಹೇಳಲು ಕೇಳಿದರು. ಅಮೆರಿಕದ ಚರಿತ್ರೆ ತಮ್ಮ ಕ್ಷೇತ್ರವಲ್ಲದ ಇತಿಹಾಸಕಾರರೂ ಅವರಲ್ಲಿದ್ದರು. ಬಿಡಿ ಸಂಗತಿಗಳಲ್ಲಿ ಅವರಲ್ಲಿ ಕೆಲವರಿಗಿಂತ ಕೆಲವು ವಿದ್ಯಾರ್ಥಿಗಳಿಗೇ ಹೆಚ್ಚು ಗೊತ್ತಿತ್ತು. ಆದರೆ ಇತಿಹಾಸಕಾರರು ಓದಲು ಶುರುಮಾಡುವ ಮೊದಲೇ ಬರೆದವರು ಯಾರು, ಯಾವಾಗ ಎಂದು ನೋಡುತ್ತಿದ್ದರು. ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ನೇರ ಓದಿಕೊಂಡು ಹೋಗುತ್ತಿದ್ದರು. ಇತಿಹಾಸಕಾರರು ಕೆಳಗಿಟ್ಟ ಪಠ್ಯಪುಸ್ತಕದ ತುಣುಕನ್ನೇ ವಿದ್ಯಾರ್ಥಿಗಳು ಹೆಚ್ಚು ನಂಬಿಕೆಗೆ ಅರ್ಹವೆಂದರು. ಮೊದಲು ಸಂಗತಿ ತುಂಬಿಸಿದರೆ ವಿಚಾರ ತಾನಾಗಿ ಬರುತ್ತದೆ ಎನ್ನುವವರು ಉತ್ತರ ಕೊಡಬೇಕಾದದ್ದು ಇದಕ್ಕೆ.

ಎರಡನೆಯ ಆಕ್ಷೇಪ ಶಿಕ್ಷಕರದು, ಇದು ಹೆಚ್ಚು ಗಂಭೀರವಾದದ್ದು. ನಮ್ಮ ಸಮಾಜ ವಿಜ್ಞಾನ ಒಂದು ವಿಷಯವಲ್ಲ, ಆರು: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರನ್ನೂ ಒಬ್ಬರೇ ಕಲಿಸಬೇಕು. ನಡುವೆ ಚುನಾವಣೆಯ ಕೆಲಸ, ಗಣತಿಯ ಕೆಲಸ, ಫಲಿತಾಂಶ ಕಡಿಮೆಯಾದರೆ ನೋಟಿಸು. ಪೋರ್ಶನ್ ಮುಗಿಸುವುದೇ ಕಷ್ಟವಾಗಿರುವಾಗ ಆತಕೂರಿನ ಕಲ್ಲಿಗೆ ಸಮಯವೆಲ್ಲಿ? ಈ ಮಾತನ್ನು ತಳ್ಳಿಹಾಕುವವರು ಶಾಲೆಯೊಳಗೆ ಕಾಲಿಟ್ಟವರಲ್ಲ. ಅದಕ್ಕೆ ನನ್ನ ಉತ್ತರ ಒಂದೇ: ಪಾಠಗಳನ್ನು ಕಡಿಮೆ ಮಾಡಬೇಕು, ಧೈರ್ಯವಾಗಿ ಕಡಿಮೆ ಮಾಡಬೇಕು. ಮೂರು ವರ್ಷದಲ್ಲಿ ಪ್ರಾಚೀನ ನಾಗರಿಕತೆಗಳಿಂದ ಹಿಡಿದು ಸ್ವಾತಂತ್ರ್ಯಾನಂತರದ ಭಾರತದವರೆಗೆ ಎಲ್ಲವನ್ನೂ ಮುಟ್ಟಿಸುವ ಹಟದಿಂದಲೇ ಯಾವುದೂ ಮನಸ್ಸಿಗೆ ಹತ್ತದೆ ಹೋಗಿದೆ. ಮನೆತನಗಳ ಪಟ್ಟಿಯಲ್ಲಿ ನಾಲ್ಕು ಬಿಟ್ಟರೆ ಕನ್ನಡನಾಡಿಗೆ ಅವಮಾನವಾಗುವುದಿಲ್ಲ. ಹೀಗೆ ಮಾಡಿದರೆ ಸಂಗತಿಯ ಜ್ಞಾನ ಕುಸಿಯುತ್ತದೆ ಎಂಬ ಭಯವೂ ನಿಜವಾಗಬೇಕಿಲ್ಲ. ಆವಿಶಾಗ್ ರೈಸ್‌ಮನ್ ಸ್ಯಾನ್ ಫ್ರಾನ್ಸಿಸ್ಕೋದ ಐದು ಸರ್ಕಾರಿ ಹೈಸ್ಕೂಲುಗಳಲ್ಲಿ ಆರು ತಿಂಗಳು ದಾಖಲೆ ಆಧಾರಿತ ಪಾಠ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಕಲಿತವರು ವಿಚಾರದಲ್ಲಿ ಮಾತ್ರವಲ್ಲ, ಸಂಗತಿಯ ನೆನಪಿನಲ್ಲೂ ಓದಿ ಅರ್ಥಮಾಡಿಕೊಳ್ಳುವುದರಲ್ಲೂ ಉಳಿದವರಿಗಿಂತ ಮುಂದಿದ್ದರು. ಆ ಊರು ಬೇರೆ, ನಮ್ಮ ಊರು ಬೇರೆ, ಒಪ್ಪುತ್ತೇನೆ. ಆದರೂ ಯಾರು ಕೊಂದರು ಎಂದು ಅರ್ಧ ಗಂಟೆ ಜಗಳವಾಡಿದ ಮಗು ತಕ್ಕೋಲಂ ಎಂಬ ಹೆಸರನ್ನು ಮರೆಯುವುದು ಕಷ್ಟ ಎಂಬುದು ಎಲ್ಲ ಊರಿಗೂ ಸಲ್ಲುವ ಮಾತು.

ಮೂರನೆಯ ಆಕ್ಷೇಪವನ್ನು ಜೋರಾಗಿ ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಹೆಚ್ಚು. ಮಕ್ಕಳಿಗೆ ಎಲ್ಲವನ್ನೂ ಪ್ರಶ್ನಿಸಲು ಬಿಟ್ಟರೆ ನಾಡಿನ ಮೇಲಿನ ಅಭಿಮಾನ ಹೋಗುತ್ತದೆ ಎಂದು ಒಂದು ಪಕ್ಷದ ಭಯ. ಹಳೆಯ ಕಲಹಗಳನ್ನು ಕೆದಕಿ ಸೌಹಾರ್ದ ಕೆಡುತ್ತದೆ ಎಂದು ಇನ್ನೊಂದು ಪಕ್ಷದ ಭಯ. ಶ್ರವಣಬೆಳಗೊಳದ 1368ರ ಶಾಸನ ಎರಡಕ್ಕೂ ಉತ್ತರ ಕೊಡುತ್ತದೆ. ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ಸಾರಿದ ಶಾಸನ ಅದು. ವಿಜಯನಗರದ ಧಾರ್ಮಿಕ ಸಹಿಷ್ಣುತೆ ಎಂಬ ಉತ್ತರಕ್ಕೆ ಅದು ಉದಾಹರಣೆಯಾಗಿ ಬರುತ್ತದೆ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಶಾಸನವನ್ನೇ ಓದಿದರೆ ತಿಳಿಯುವುದು ಹೆಚ್ಚು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ರಾಜನ ಬಳಿ ದೂರು ಒಯ್ದಿದ್ದರು. ಅಂದರೆ ಅವರಿಗೆ ಅನ್ಯಾಯವಾಗುತ್ತಿತ್ತು, ತಿಕ್ಕಾಟ ನಿಜವಾಗಿತ್ತು. ತೀರ್ಪು ಒಳ್ಳೆಯ ಮಾತಿನಲ್ಲಿ ನಿಲ್ಲಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ವೈಷ್ಣವರೇ ನೇಮಿಸಿ, ಉಳಿದ ಹಣದಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಯಿಸಬೇಕೆಂದು ಗೊತ್ತುಮಾಡಲಾಯಿತು. ಕಾವಲಿನ ಹೊಣೆ ವೈಷ್ಣವರ ಮೇಲೆ, ಖರ್ಚು ಜೈನರ ಮೇಲೆ: ಇದು ನ್ಯಾಯವೇ, ರಾಜಿಯೇ, ಆ ಕಾಲದಲ್ಲಿ ಸಾಧ್ಯವಿದ್ದದ್ದು ಇಷ್ಟೆಯೇ ಎಂದು ಮಕ್ಕಳು ವಾದಿಸಲಿ. ಜಗಳವೇ ಇರಲಿಲ್ಲ ಎಂದು ಕಲಿತ ಮಗು ಮುಂದೆ ಒಂದು ದಿನ ಜಗಳದ ದಾಖಲೆ ಕಂಡಾಗ, ಮೇಷ್ಟ್ರು ಸುಳ್ಳು ಹೇಳಿದರು ಎಂದುಕೊಳ್ಳುತ್ತದೆ. ಆಗ ಎದುರಿಗಿರುವವನು ಏನು ಹೇಳಿದರೂ ನಂಬಲು ತಯಾರಾಗಿರುತ್ತದೆ. ಜಗಳವಿತ್ತು, ಅದನ್ನು ಹೀಗೆ ತೀರಿಸಿದರು ಎಂದು ಬಲ್ಲ ಮಗುವಿನ ಅಭಿಮಾನ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಎಲ್ಲವೂ ಅವರವರ ಅಭಿಪ್ರಾಯ ಎಂಬ ಉಡಾಫೆಗೂ ಇದು ದಾರಿಯಲ್ಲ. ಕಲ್ಲಿನಲ್ಲಿ ಇಪ್ಪತ್ತು ಎಂದಿದ್ದರೆ ಇಪ್ಪತ್ತೇ. ಅದನ್ನು ಇನ್ನೂರು ಎಂದವನ ಮಾತು ಅಭಿಪ್ರಾಯವಾಗುವುದಿಲ್ಲ, ತಪ್ಪಾಗುತ್ತದೆ. ಸಾಕ್ಷಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೇ ಈ ಗೆರೆ ಕಾಣುವುದು.

ಕೊನೆಗೆ ಎಲ್ಲವೂ ಪರೀಕ್ಷೆಗೆ ಬಂದು ನಿಲ್ಲುತ್ತದೆ, ಏಕೆಂದರೆ ನಮ್ಮಲ್ಲಿ ಪರೀಕ್ಷೆಗೆ ಬರುವುದೇ ತರಗತಿಯಲ್ಲಿ ನಡೆಯುತ್ತದೆ. ಆಂತರಿಕ ಮೌಲ್ಯಮಾಪನದ ಇಪ್ಪತ್ತು ಅಂಕಕ್ಕೆ ಚಟುವಟಿಕೆಗಳಿವೆಯಲ್ಲ ಎನ್ನಬಹುದು. ಅವುಗಳಲ್ಲಿ ಹೆಚ್ಚಿನವು ಚಿತ್ರ ಕತ್ತರಿಸಿ ಅಂಟಿಸುವುದರಲ್ಲಿ ಮುಗಿಯುತ್ತವೆ. ಲಿಖಿತ ಪರೀಕ್ಷೆಯ ಎಂಬತ್ತು ಅಂಕಗಳಲ್ಲಿ ಐದೇ ಐದನ್ನು, ಪಠ್ಯದಲ್ಲಿ ಇಲ್ಲದ ಒಂದು ದಾಖಲೆಗೆ ಕೊಟ್ಟರೆ ಸಾಕು. ಹತ್ತು ಸಾಲಿನ ಶಾಸನ ಸಾರ, ಒಂದು ಹಳೆಯ ಪತ್ರ, ಒಂದು ಸರ್ಕಾರಿ ಆದೇಶ, ಏನಾದರೂ ಆದೀತು. ಬರೆಸಿದವರು ಯಾರು, ಯಾರಿಗಾಗಿ, ಇದರಿಂದ ಖಚಿತವಾಗಿ ಹೇಳಬಹುದಾದದ್ದು ಯಾವುದು, ಹೇಳಲಾಗದ್ದು ಯಾವುದು, ಇನ್ಯಾವ ದಾಖಲೆ ಸಿಕ್ಕರೆ ಅನುಮಾನ ಬಗೆಹರಿದೀತು. ಇದನ್ನು ಮೌಲ್ಯಮಾಪನ ಮಾಡಲಾಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಕನ್ನಡ ಪತ್ರಿಕೆಯಲ್ಲಿ ಮಕ್ಕಳು ಮೊದಲು ಓದಿರದ ಗದ್ಯಭಾಗಕ್ಕೆ ಉತ್ತರ ಬರೆಯುತ್ತಲೇ ಇದ್ದಾರೆ, ಮೌಲ್ಯಮಾಪಕರು ಅಂಕ ಕೊಡುತ್ತಲೇ ಇದ್ದಾರೆ. ಸಮಾಜ ವಿಜ್ಞಾನದ ಪತ್ರಿಕೆಯಲ್ಲೇ ನಕ್ಷೆ ಬಿಡಿಸಿ ಗುರುತಿಸುವ ಪ್ರಶ್ನೆಯಿದೆ. ಅದು ಇರುವುದರಿಂದಲೇ ಪ್ರತಿ ಶಾಲೆಯಲ್ಲೂ ಮಕ್ಕಳು ಮತ್ತೆ ಮತ್ತೆ ನಕ್ಷೆ ಬರೆದು ಕೈ ಪಳಗಿಸಿಕೊಳ್ಳುತ್ತಾರೆ. ಇದಕ್ಕೆ ಹೊಸ ಪಠ್ಯ ಸಮಿತಿ ಬೇಡ, ಹೊಸ ಪುಸ್ತಕ ಅಚ್ಚಾಗುವವರೆಗೆ ಕಾಯಬೇಕಿಲ್ಲ. ಪರೀಕ್ಷಾ ಮಂಡಲಿ ವರ್ಷದ ಆರಂಭದಲ್ಲಿ ಹೊರಡಿಸುವ ನೀಲನಕ್ಷೆಯಲ್ಲಿ ಒಂದು ಸಾಲು ಸೇರಿಸಿ, ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಅಂಥ ಒಂದು ಪ್ರಶ್ನೆ ಹಾಕಿದರೆ, ದಸರಾ ರಜೆಯ ಹೊತ್ತಿಗೆ ಅದು ಗೈಡುಗಳಲ್ಲಿರುತ್ತದೆ, ಟ್ಯೂಷನ್ನುಗಳಲ್ಲಿರುತ್ತದೆ, ಹೈಸ್ಕೂಲಿನ ಸಮಾಜ ಮೇಷ್ಟ್ರು ಊರ ಹೊರಗಿನ ವೀರಗಲ್ಲಿನ ಫೋಟೋ ತೆಗೆದು ತರಗತಿಗೆ ತಂದಿರುತ್ತಾರೆ.